ಮೈಕ್ ಬದಲಿಸುವ ಮೊದಲು ಗೇನ್ ಇಳಿಸಿ ನೋಡಿ

ಆನ್‌ಲೈನ್ ಟ್ಯೂಷನ್ ಹೇಳುವವರು, ತತ್ವಪದ ಹಾಡಿ ಯೂಟ್ಯೂಬಿಗೆ ಹಾಕುವವರು, ಊರ ಜಾತ್ರೆಯ ಲೈವ್ ಕೊಡುವವರು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಬಹಳ ಮಂದಿ ಇದ್ದಾರೆ. ವಿಡಿಯೊ ಚೆನ್ನಾಗಿರುತ್ತದೆ, ದನಿ ಮಾತ್ರ ಒಡೆದು ಬರ್ತದೆ. ಮೈಕ್ ಸರಿಯಿಲ್ಲ ಅಂತ ಹೊಸದು ತರುತ್ತಾರೆ, ಅದೂ ಹಾಗೇ ಒಡೆಯುತ್ತದೆ. ನಾನು ನೋಡಿದ ಕಡೆಯೆಲ್ಲ ತಪ್ಪು ಬಹುತೇಕ ಸೆಟ್ಟಿಂಗ್‌ನಲ್ಲೇ ಇತ್ತು. ಗೇನ್ ಅಂದರೆ ಮೈಕಿನ ದನಿಯನ್ನು ಎಷ್ಟು ಏರಿಸಿ ಒಳಗೆ ತಗೊಳ್ಳಬೇಕು ಅನ್ನುವ ಸೆಟ್ಟಿಂಗ್.

1. ಮೈಕ್ ಜೋಡಿಸಿ. ಯುಎಸ್‌ಬಿ ಮೈಕ್ ತಗೊಳ್ಳಿ, ಅದರಲ್ಲೂ ಡೈನಮಿಕ್, ಅಂದರೆ ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುವ ಬಗೆಯದು. ಟೈಲ್ಸ್ ನೆಲ, ಬೋಳು ಗೋಡೆಯ ನಮ್ಮ ರೂಮುಗಳಲ್ಲಿ ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಗೋಡೆಗೆ ಬಡಿದು ಬರುವ ಸದ್ದನ್ನೂ ಹಿಡಿಯುತ್ತದೆ. ಸ್ಟ್ಯಾಂಡು, ಸ್ಪಂಜು, ಜಾಲರಿ ಎಲ್ಲ ಸೇರಿಸಿ ಅಗ್ಗಕ್ಕೆ ಮಾರುವ ಕಂಡೆನ್ಸರ್ ಕಿಟ್ ಬೇಡವೇ ಬೇಡ. ಅಂಥ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಕರೆಂಟ್ ಬೇಕು. ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಲ್ಲಿ ಸಿಗುವುದು ಕೆಲವೇ ವೋಲ್ಟ್. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕೂ ಬೇಡ, ದನಿ ಹಳೇ ಫೋನಿನ ಥರ ಬರ್ತದೆ.

2. ಒಂದು ಗೇಣು ದೂರ ಇಡಿ. ಬಾಯಿಗೆ ನೇರ ಬೇಡ, ಸ್ವಲ್ಪ ಕೆನ್ನೆಯ ಕಡೆಗಿರಲಿ. ಪ, ಬ, ಭ ಅಂದಾಗ ಗಾಳಿ ಬಡಿಯುವುದಿಲ್ಲ.

3. ಗೇನ್ ಹೊಂದಿಸಿ. ಕೆಲಸ ಕೆಡುವುದು ಇಲ್ಲೇ, ಅವಸರ ಮಾಡಬೇಡಿ.

ಒಬಿಎಸ್ ಅಂದರೆ ರೆಕಾರ್ಡಿಂಗ್, ಲೈವ್ ಮಾಡುವ ಉಚಿತ ಸಾಫ್ಟ್‌ವೇರ್. ಅದರ ದನಿಯ ಮೀಟರಿನಲ್ಲಿ ಎಲ್ಲ ಅಂಕಿಯೂ (ಡೆಸಿಬೆಲ್) ಮೈನಸ್, ಮೇಲಿನ ತುದಿ 0. ತುಂಗಭದ್ರಾ (ಟಿ.ಬಿ.) ಡ್ಯಾಮಿಗೆ ತುಂಬುವ ಮಟ್ಟ 1633 ಅಡಿ ಹೇಗೋ ದನಿಗೆ ಈ 0 ಹಾಗೆ, ಅದರ ಮೇಲೆ ಜಾಗವಿಲ್ಲ. ಅಲ್ಲಿಗೆ ಮುಟ್ಟಿದ ದನಿಯ ತಲೆ ಕತ್ತರಿಸಿಹೋಗುತ್ತದೆ. ಅದನ್ನೇ ನಾವು ಒಡೆದ ದನಿ ಅನ್ನುವುದು. ಕತ್ತರಿಸಿಹೋದದ್ದನ್ನು ಆಮೇಲೆ ಪೂರ್ತಿ ಸರಿಮಾಡಲು ಆಗುವುದಿಲ್ಲ. ಮೆಲ್ಲಗಿನ ದನಿಯನ್ನಾದರೆ ಆಮೇಲೆ ಏರಿಸಿಕೊಳ್ಳಬಹುದು.

ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ 'ಮೋರ್ ಸೌಂಡ್ ಸೆಟ್ಟಿಂಗ್ಸ್', ಆಮೇಲೆ 'ರೆಕಾರ್ಡಿಂಗ್' ತೆರೆಯಿರಿ. ನಿಮ್ಮ ಮೈಕಿನ ಪ್ರಾಪರ್ಟೀಸ್‌ನಲ್ಲಿ 'ಲೆವೆಲ್ಸ್' ಇದೆ. ಮೈಕ್ರೊಫೋನ್ ಬೂಸ್ಟ್ ಅಂತ ಇದ್ದರೆ ಸೊನ್ನೆಗೆ ತನ್ನಿ. ಇದು ಎಷ್ಟೋ ಸಲ 20, 30 ಡೆಸಿಬೆಲ್‌ಗೆ ಏರಿಸಿಟ್ಟಿರುತ್ತದೆ, ಯಾರೂ ನೋಡಿರುವುದಿಲ್ಲ. ಮೈಕಿನ ಲೆವೆಲ್ಲನ್ನೂ ಚೆನ್ನಾಗಿ ಕೆಳಗಿಳಿಸಿ. ಈಗ ಒಬಿಎಸ್ ತೆರೆದು ನಿಮ್ಮ ಅತಿ ಜೋರು ದನಿ ಹಾಕಿ. 'ಹಲೋ ಹಲೋ ಚೆಕ್' ಅಂದರೆ ಸಾಲದು. ಹಾಡುವವರು ಪಲ್ಲವಿಯನ್ನು ಮೇಲಿನ ಸ್ಥಾಯಿಗೆ ಎತ್ತಬೇಕು, ಮೇಷ್ಟ್ರು ಹಿಂದಿನ ಬೆಂಚಿನ ಹುಡುಗನನ್ನು ಗದರಿದಂತೆ ಕೂಗಬೇಕು. ಕೂಗುತ್ತಲೇ ವಿಂಡೋಸ್‌ನ ಆ ಲೆವೆಲ್ ಸ್ವಲ್ಪಸ್ವಲ್ಪ ಏರಿಸಿ. ಆ ಜೋರು ದನಿ ಮೈನಸ್ 10ರ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಸಾದಾ ಮಾತು ಮೈನಸ್ 20ರ ಆಸುಪಾಸು ಇರುತ್ತದೆ. ಅಷ್ಟೇ ಸಾಕು.

ಬಹಳ ಜನ ವಿಂಡೋಸ್‌ನಲ್ಲಿ 100ಕ್ಕೆ ಬಿಟ್ಟು, ಒಬಿಎಸ್‌ನ ಸ್ಲೈಡರ್ ಮಾತ್ರ ಇಳಿಸುತ್ತಾರೆ. ಮೀಟರ್ ಹಸಿರಾಗೇ ಕಾಣುತ್ತದೆ, ದನಿ ಮಾತ್ರ ಒಡೆದೇ ಇರುತ್ತದೆ. ಒಬಿಎಸ್‌ಗೆ ಬರುವ ಮೊದಲೇ ಅದು ಕೆಟ್ಟಿರುತ್ತದಲ್ವಾ? ಅನುಮಾನ ಇದ್ದರೆ ರೆಕಾರ್ಡಿಂಗ್ ಅನ್ನು ಆಡಾಸಿಟಿ ಎಂಬ ಉಚಿತ ಆಡಿಯೊ ಸಾಫ್ಟ್‌ವೇರಿನಲ್ಲಿ ತೆರೆದು ದೊಡ್ಡದು ಮಾಡಿ ನೋಡಿ. ಅಲೆಯ ತುದಿಗಳು ದುಂಡಗಿರಬೇಕು. ಚಾಕುವಿನಿಂದ ಸವರಿದ ಹಾಗೆ ಚಪ್ಪಟೆ ಇದ್ದರೆ ಮೂಲದಲ್ಲೇ ಗೇನ್ ಇಳಿಸಬೇಕು.

ಇನ್ನೊಂದು. ಜೂಮ್‌ನ ಸ್ವಯಂಚಾಲಿತ ವಾಲ್ಯೂಮ್ ಆಯ್ಕೆ ಆಫ್ ಮಾಡಿ. ಇಲ್ಲದಿದ್ದರೆ ಕ್ಲಾಸ್ ಮುಗಿಯುವಷ್ಟರಲ್ಲಿ ಅದು ನಿಮ್ಮ ಲೆವೆಲ್ ಬದಲಿಸಿಬಿಟ್ಟಿರುತ್ತದೆ.

4. ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುವುದು) 48 ಕಿಲೊಹರ್ಟ್ಸ್. ವಿಂಡೋಸ್‌ನಲ್ಲೂ ಒಬಿಎಸ್‌ನಲ್ಲೂ ಇದೇ ಇರಲಿ. ದನಿ ಒಂದೇ ಕಿವಿಯಲ್ಲಿ ಬಂದರೆ ಒಬಿಎಸ್‌ನಲ್ಲಿ ಮೊನೊ (ಎರಡೂ ಕಿವಿಗೆ ಒಂದೇ ದನಿ) ಟಿಕ್ ಮಾಡಿ.

5. ಸದ್ದು ತಗ್ಗಿಸುವ ಫಿಲ್ಟರ್. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನು, ಕೂಲರ್ ಇಲ್ಲದೆ ಇಲ್ಲಿ ಕೂರಲಾಗದು, ನಿಜ. ಆದರೂ ರೆಕಾರ್ಡ್ ಮಾಡುವಷ್ಟು ಹೊತ್ತು ಕೂಲರ್ ಆರಿಸಿ, ಫ್ಯಾನ್ ಒಂದಕ್ಕೆ ಇಳಿಸಿ. ಚಾರ್ಜರ್ ತೆಗೆದರೆ ಎಷ್ಟೋ ಸಲ ಗುಂಯ್ ಅನ್ನುವುದು ನಿಲ್ಲುತ್ತದೆ. ಉಳಿದದ್ದಕ್ಕೆ ಒಬಿಎಸ್‌ನ 'ನಾಯ್ಸ್ ಸಪ್ರೆಶನ್' ಹಾಕಿ, ಆದರೆ ಮಾತಿಗೆ ಮಾತ್ರ. ಹಾಡಿಗೆ ಹಾಕಿದರೆ ತಂಬೂರಿ, ಹಾರ್ಮೋನಿಯಂ ಶ್ರುತಿಯನ್ನೂ ಅದು ಫ್ಯಾನಿನ ಸದ್ದು ಅಂತ ತಿಳಿದು ನುಂಗುತ್ತದೆ.

ದನಿ ಒಂದು ಮಟ್ಟಕ್ಕಿಂತ ಮೆಲ್ಲಗಾದರೆ ಮೈಕನ್ನೇ ಮುಚ್ಚುವ 'ನಾಯ್ಸ್ ಗೇಟ್' ಫಿಲ್ಟರನ್ನು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಮಾತಿನ ಕೊನೆ ಮೆಲ್ಲಗಿರುತ್ತದೆ, ಗೇಟ್ ಆ ಕೊನೆಯನ್ನೇ ಕತ್ತರಿಸುತ್ತದೆ. 'ಪರೀಕ್ಷೆಗೆ ಬರಲ್ಲ' ಅಂದದ್ದು 'ಪರೀಕ್ಷೆಗೆ ಬರ' ಅಂತಷ್ಟೇ ಕೇಳಿದರೆ ಮಕ್ಕಳ ಗತಿಯೇನು?

6. ಲೈವ್ ಜೊತೆ ರೆಕಾರ್ಡಿಂಗೂ ನಡೆಯಲಿ. ಫಾರ್ಮ್ಯಾಟ್ ಎಂಕೆವಿ ಇಡಿ. ನಡುವೆ ಕರೆಂಟ್ ಹೋದರೆ ಸಾದಾ ಎಂಪಿ4 ಫೈಲ್ ತೆರೆಯುವುದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಎಂಪಿ4 ಬೇಕಾದರೆ ಆಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲಿ 'ರೀಮಕ್ಸ್ ರೆಕಾರ್ಡಿಂಗ್ಸ್' ಒತ್ತಿ.