ಹಳೇ ಎಂಟರ್‌ಪ್ರೈಸ್ ದೋಣಿಯ ಚುಕ್ಕಾಣಿ ಹಗುರ ಮಾಡಿಕೊಳ್ಳಿ

ನನ್ನದು ಮರದ ಎಂಟರ್‌ಪ್ರೈಸ್, 1956ರಲ್ಲಿ ಬ್ರಿಟನ್ನಿನ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ರೂಪಿಸಿದ ನೀಲಿ ಹಾಯಿಯ ಪುಟ್ಟ ದೋಣಿ. ಗಾಳಿ ಜಾಸ್ತಿಯಾದರೆ ಮೂತಿ ಗಾಳಿಯತ್ತಲೇ ತಿರುಗುತ್ತಿತ್ತು, ಚುಕ್ಕಾಣಿ ಹಿಡಿದ ಕೈ ಸೋತುಹೋಗುತ್ತಿತ್ತು. ಹೊಸ ಹಾಯಿಗೆ ಸುಮ್ನೆ ಖರ್ಚು ಮಾಡಬೇಡಿ, ಮೊದಲು ನೀರಿಗಿಳಿಯುವ ಚುಕ್ಕಾಣಿಯ ಹಲಗೆ ನೋಡಿ. ಅದು ಪೂರ್ತಿ ಕೆಳಗಿಳಿಯದೆ ಹಿಂದಕ್ಕೆ ವಾಲಿದ್ದರೆ ಕೈಗೆ ಭಾರ ಬರುತ್ತದೆ. ನನ್ನದರಲ್ಲಿ ಅದನ್ನು ಕೆಳಗೆಳೆಯುವ ಹಗ್ಗ ಸವೆದು ಸಡಿಲವಾಗಿತ್ತು. ಹಿಗ್ಗದ ಹಗ್ಗ ಹಾಕಿ ಬಿಗಿದೆ, ಅರ್ಧ ಕಾಟ ಅಲ್ಲೇ ಹೋಯಿತು. ಜೋರು ಗಾಳಿಯಲ್ಲಿ ದೊಡ್ಡ ಹಾಯಿಯನ್ನು ಚಪ್ಪಟೆಯಾಗುವಂತೆ ಬಿಗಿಯಿರಿ, ನಡುಹಲಗೆಯನ್ನು (ದೋಣಿಯ ನಡುವಿನಿಂದ ನೀರಿಗಿಳಿಸುವ ಹಲಗೆ) ಸ್ವಲ್ಪ ಮೇಲೆತ್ತಿ, ದೋಣಿ ವಾಲಲು ಬಿಡಬೇಡಿ.

ದಡಕ್ಕೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಲು ಬಿಡಿ. ತೇವ ನಿಂತರೆ ಪ್ಲೈವುಡ್ ಕೊಳೆಯುತ್ತದೆ ಅಲ್ವಾ? ವಾರ್ನಿಷ್ ಎದ್ದ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬಣ್ಣ ಬಳಿದು ಮುಚ್ಚಬೇಡಿ, ಆ ಭಾಗವನ್ನೇ ಕತ್ತರಿಸಿ ಹೊಸದು ಕೂರಿಸಿ.