ಯುಐ ಲೈಬ್ರರಿ ಆರಿಸುವ ಮುಂಚೆ ಈ ಪರೀಕ್ಷೆ ಮಾಡಿ

ರಿಯಾಕ್ಟ್, ಎಲ್ಮ್, ಸಾಲಿಡ್. ಮೂರೂ ವೆಬ್ ಪುಟದ ಪರದೆ (ಯುಐ) ಕಟ್ಟುವ ಸಾಧನಗಳು; ರಿಯಾಕ್ಟ್, ಸಾಲಿಡ್ ಜಾವಾಸ್ಕ್ರಿಪ್ಟ್ ಲೈಬ್ರರಿಗಳು, ಎಲ್ಮ್ ತನ್ನದೇ ಒಂದು ಭಾಷೆ. ಮೂರರ ಮೂಲ ವಿಚಾರ ಒಂದೇ. ಡೇಟಾ ಹೀಗಿದ್ದರೆ ಪರದೆ ಹೀಗಿರಬೇಕು ಅಂತ ಫಂಕ್ಷನ್‌ನಲ್ಲಿ ಬರೆದಿಡುತ್ತೀರಿ, ಅಷ್ಟೇ. ಆದರೆ ಡೇಟಾ ಬದಲಾದಾಗ ಯಾವ ಕೋಡ್ ಮತ್ತೆ ಓಡುತ್ತದೆ, ಸರ್ವರ್ ಜೊತೆಗಿನ ಮಾತುಕತೆ ಎಲ್ಲಿ ನಡೆಯುತ್ತದೆ ಅನ್ನುವುದರಲ್ಲಿ ಮೂರೂ ಬೇರೆ ಬೇರೆ. ಇದನ್ನು ಓದಿ ತಿಳಿಯುವುದಕ್ಕಿಂತ ಬರೆದು ನೋಡುವುದು ಒಳ್ಳೆಯದು.

ಮೊದಲು ಆ್ಯಪ್ ಆರಿಸಿಕೊಳ್ಳಿ. ಬಟನ್ ಒತ್ತಿದರೆ ಸಂಖ್ಯೆ ಏರುವ ಕೌಂಟರ್ ಬೇಡ, ಅದು ಯಾವ ಲೈಬ್ರರಿಯಲ್ಲಾದರೂ ಚೆಂದವೇ ಕಾಣುತ್ತದೆ. ಟೈಪ್ ಮಾಡಿದ ಹಾಗೆ ಸರ್ವರ್‌ನಿಂದ ಹೆಸರುಗಳನ್ನು ತರುವ ಸರ್ಚ್ ಬಾಕ್ಸ್ ಮಾಡಿ.

ಈಗ ಪರದೆಯ ಒಂದು ಭಾಗವನ್ನು ಬರೆಯುವ ಫಂಕ್ಷನ್, ಅಂದರೆ ಕಾಂಪೊನೆಂಟ್‌ನ ಮೊದಲ ಸಾಲಿನಲ್ಲೇ ಒಂದು ಲಾಗ್ (ಓಡಿದಾಗಲೆಲ್ಲ ಕನ್ಸೋಲ್‌ನಲ್ಲಿ ಮುದ್ರಣವಾಗುವ ಸಾಲು) ಹಾಕಿ. ರಿಯಾಕ್ಟ್‌ನಲ್ಲಿ ಒಂದೊಂದು ಅಕ್ಷರಕ್ಕೂ ಅದು ಮುದ್ರಣವಾಗುತ್ತದೆ, ಯಾಕೆಂದರೆ ಸ್ಟೇಟ್ (ಕಾಂಪೊನೆಂಟ್ ನೆನಪಿಟ್ಟುಕೊಂಡ ಡೇಟಾ) ಬದಲಾದಾಗಲೆಲ್ಲ ಇಡೀ ಫಂಕ್ಷನ್ ಮತ್ತೆ ಓಡಿ, ರಿಯಾಕ್ಟ್ ಹಳೆಯ ಮತ್ತು ಹೊಸ ವರ್ಚುವಲ್ ಡಾಮ್ (ಮೆಮೊರಿಯಲ್ಲಿರುವ ಪುಟದ ನಕಲು) ಹೋಲಿಸಿ, ಬದಲಾದದ್ದನ್ನು ಮಾತ್ರ ಬ್ರೌಸರ್‌ಗೆ ಕೊಡುತ್ತದೆ. ಸಾಲಿಡ್‌ನಲ್ಲಿ ಒಂದೇ ಸಲ. ಅಲ್ಲಿ ಸಿಗ್ನಲ್ (ಬದಲಾಗುವ ಡೇಟಾ ಇಟ್ಟುಕೊಳ್ಳುವ ಜಾಗ) ತನ್ನನ್ನು ಯಾರು ಓದಿದರು ಅಂತ ನೆನಪಿಟ್ಟುಕೊಂಡು ಅಷ್ಟನ್ನೇ ಎಬ್ಬಿಸುತ್ತದೆ. ವೇಗ ಚೆನ್ನಾಗಿದೆ. ಆದರೆ ಕಾಂಪೊನೆಂಟ್‌ಗೆ ಹೊರಗಿನಿಂದ ಬರುವ ಡೇಟಾ, ಅಂದರೆ ಪ್ರಾಪ್ಸ್‌ ಅನ್ನು ಬಿಡಿಸಿ ಬೇರೆ ವೇರಿಯಬಲ್‌ಗೆ ಹಾಕಿಕೊಂಡರೆ ಆ ಕೊಂಡಿ ತಪ್ಪಿಹೋಗುತ್ತದೆ, ಪರದೆ ಸುಮ್ನೆ ಕೂತಿರುತ್ತದೆ. ಎಲ್ಮ್‌ ಕೂಡ ವರ್ಚುವಲ್ ಡಾಮ್ ಬಳಸುತ್ತದೆ, ಆದರೆ ಇಡೀ ಪುಟದ ಡೇಟಾ ಇರುವುದು ಒಂದೇ ಮಾಡೆಲ್‌ನಲ್ಲಿ, ಪರದೆ ಬರೆಯುವ ವ್ಯೂ ಫಂಕ್ಷನ್ ಮೇಲಿನಿಂದ ಶುರು.

ಮುಂದಿನದು ನಿಜವಾದ ಪರೀಕ್ಷೆ. ಸರ್ವರ್‌ನ ಮೊದಲ ಉತ್ತರವನ್ನು ಬೇಕಂತಲೇ ತಡ ಮಾಡಿಸಿ. ‘ಮ’ ಅಂತ ಹುಡುಕಿ, ತಕ್ಷಣ ‘ಮಳೆ’ ಅಂತ ಹುಡುಕಿ. ಹಳೆಯ ಉತ್ತರ ಕೊನೆಗೆ ಬಂದು ಹೊಸದನ್ನು ಅಳಿಸಿಬಿಟ್ಟರೆ? ರಿಯಾಕ್ಟ್‌ನ ಪರದೆ ಬರೆದಾದ ಮೇಲೆ ಹೊರಗಿನ ಕೆಲಸ ಮಾಡುವ ಎಫೆಕ್ಟ್ ಹುಕ್‌ನಲ್ಲಿ ನೇರವಾಗಿ ಡೇಟಾ ತರಿಸಿದರೆ ಇದು ಆಗಿಯೇ ಆಗುತ್ತದೆ. ಎಫೆಕ್ಟ್ ಮತ್ತೆ ಓಡುವ ಮುಂಚೆ ಓಡುವ ಕ್ಲೀನಪ್ ಫಂಕ್ಷನ್‌ನಲ್ಲಿ ಹಳೆಯದನ್ನು ಕೈಬಿಡಲು ನೀವೇ ಹೇಳಬೇಕು. ಮರೆತರೆ ಯಾವ ಎರರ್ ಕೂಡ ಬರುವುದಿಲ್ಲ, ಅದೇ ಅಪಾಯ. ಸಾಲಿಡ್‌ನ ಡೇಟಾ ತರುವ ರಿಸೋರ್ಸ್ ಹಳೆಯ ಉತ್ತರವನ್ನು ತಾನೇ ಬಿಟ್ಟುಬಿಡುತ್ತದೆ. ಎಲ್ಮ್‌ ತಾನಾಗಿ ಕಾಪಾಡುವುದಿಲ್ಲ, ಆದರೆ ಅಲ್ಲಿ ಸರ್ವರ್ ಉತ್ತರವೂ ಒಂದು ಮೆಸೇಜ್ (ಏನಾಯಿತು ಅಂತ ತಿಳಿಸುವ ಡೇಟಾ). ಅದು ಅಪ್‌ಡೇಟ್ ಫಂಕ್ಷನ್ (ಮಾಡೆಲ್ ಬದಲಿಸುವ ಒಂದೇ ಜಾಗ) ಮೂಲಕವೇ ಬರಬೇಕು. ಮೆಸೇಜ್ ಜೊತೆ ಹುಡುಕಿದ ಪದವನ್ನೂ ಕಳಿಸಿ, ಮಾಡೆಲ್‌ನಲ್ಲಿರುವ ಪದಕ್ಕೆ ಹೊಂದದಿದ್ದರೆ ಬಿಟ್ಟುಬಿಡಿ. ತಪ್ಪು ಹುಡುಕಲು ಒಂದೇ ಜಾಗ ನೋಡಿದರೆ ಸಾಕು. ನನಗೆ ಎಲ್ಮ್‌ನಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. 2015ರಲ್ಲಿ ಬಂದ, ಸ್ಟೇಟ್ ನೋಡಿಕೊಳ್ಳುವ ಲೈಬ್ರರಿ ರಿಡಕ್ಸ್ ಕೂಡ ಈ ವಿಚಾರದಿಂದ ಪ್ರೇರಣೆ ಪಡೆದದ್ದು.

ಆಮೇಲೆ ಅದೇ ಪುಟದಲ್ಲಿ ಎರಡನೇ ಸರ್ಚ್ ಬಾಕ್ಸ್ ಇಡಿ. ರಿಯಾಕ್ಟ್, ಸಾಲಿಡ್‌ನಲ್ಲಿ ಇನ್ನೊಂದು ಸಾಲು ಬರೆದರೆ ಮುಗಿಯಿತು. ಎಲ್ಮ್‌ನಲ್ಲಿ ಮಾಡೆಲ್‌ಗೆ ಜಾಗ ಮಾಡಿ, ಮೆಸೇಜ್‌ಗಳನ್ನು ಯಾವ ಬಾಕ್ಸ್‌ನದು ಅನ್ನುವ ಗುರುತಿನೊಳಗೆ ಸುತ್ತಿ, ಅಪ್‌ಡೇಟ್‌ನಲ್ಲಿ ಬಿಡಿಸಬೇಕು. ಪುಟ ದೊಡ್ಡದಾದಷ್ಟೂ ಈ ಕೆಲಸ ಬೇಸರ ತರಿಸುತ್ತದೆ.

ಕೊನೆಗೆ ‘ಸರ್ವರ್ ಸಿಗಲಿಲ್ಲ’ ಅನ್ನುವ ಸ್ಥಿತಿಯನ್ನು, ಹುಡುಕಾಟದ ಎಲ್ಲ ಸ್ಥಿತಿಗಳನ್ನು ಪಟ್ಟಿ ಮಾಡುವ ಟೈಪ್‌ಗೆ ಸೇರಿಸಿ. ಎಲ್ಲಿ ಅದನ್ನು ಬಿಟ್ಟಿದ್ದೀರಿ ಅಂತ ಎಲ್ಮ್ ಕಂಪೈಲರ್ ಹೇಳುತ್ತದೆ, ಉಳಿದೆರಡರಲ್ಲಿ ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸುವ ಟೈಪ್‌ಸ್ಕ್ರಿಪ್ಟ್ ಎಷ್ಟು ಕಟ್ಟುನಿಟ್ಟಾಗಿ ಬರೆದಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಅಂಕಿ ಕ್ಷಣಕ್ಷಣಕ್ಕೂ ಬದಲಾಗುವ ಡ್ಯಾಶ್‌ಬೋರ್ಡ್‌ಗೆ ನಾನು ಸಾಲಿಡ್‌ನ ಸಿಗ್ನಲ್ ಆರಿಸುತ್ತೇನೆ. ಒಂದಕ್ಕೊಂದು ಹೆಣೆದುಕೊಂಡ ಹಂತಗಳಿರುವ ದೊಡ್ಡ ಫಾರ್ಮ್‌ಗೆ ಎಲ್ಮ್ ದಾರಿ. ತಂಡಕ್ಕೆ ರಿಯಾಕ್ಟ್ ಬಿಡಲು ಆಗದಿದ್ದರೆ ರಿಡ್ಯೂಸರ್ ಹುಕ್ ಬಳಸಿ. 2019ರಲ್ಲಿ 16.8 ಆವೃತ್ತಿಯೊಂದಿಗೆ ಬಂದ ಆ ಹುಕ್‌ನಿಂದ ಸ್ಟೇಟ್ ಬದಲಾವಣೆಯೆಲ್ಲ ಒಂದೇ ಫಂಕ್ಷನ್‌ಗೆ ಬರುತ್ತದೆ, ಸರ್ವರ್ ಕರೆಯನ್ನು ಮಾತ್ರ ಹೊರಗೆ ನೀವೇ ನೋಡಿಕೊಳ್ಳಬೇಕು.