ಅಮ್ಮ ಮೈಸೂರಿನಲ್ಲಿ, ರಜೆ ಕ್ಯಾಲಿಫೋರ್ನಿಯಾದ್ದು: ನನ್ನ ಅನುಭವ

"ನಿಮ್ಮಮ್ಮ ಇರೋದು ಮೈಸೂರಲ್ಲಿ. ಇಲ್ಲಿಯ ಸರ್ಕಾರ ಯಾಕಯ್ಯಾ ನಿನಗೆ ದುಡ್ಡು ಕೊಡುತ್ತೆ?" ಅಮ್ಮನ ಆರೈಕೆಗೆ ರಜೆ ಹಾಕಿ ಕ್ಯಾಲಿಫೋರ್ನಿಯಾದ ಪೇಯ್ಡ್ ಫ್ಯಾಮಿಲಿ ಲೀವ್ ದುಡ್ಡಿಗೆ ಅರ್ಜಿ ಹಾಕುತ್ತೇನೆ ಎಂದಾಗ ಇಲ್ಲಿ, ಫ್ರೀಮಾಂಟ್‌ನಲ್ಲಿ, ನನಗೆ ಹೀಗೆ ಕೇಳದ ಗೆಳೆಯರೇ ಇರಲಿಲ್ಲ. ನಮ್ಮ ಆಫೀಸಿನ ಎಚ್‌ಆರ್‌ನಲ್ಲಿ ಒಬ್ಬರು ಫೋನಿನಲ್ಲೇ "ರೋಗಿ ಅಮೆರಿಕದಲ್ಲೇ ಇರಬೇಕು" ಎಂದು ತೀರ್ಪು ಕೊಟ್ಟುಬಿಟ್ಟರು. 2025ರ ಏಪ್ರಿಲ್ ಕೊನೆಗೆ ಐದು ವಾರದ ದುಡ್ಡು, ವಾರಕ್ಕೆ 1,681 ಡಾಲರಿನಂತೆ ಸುಮಾರು 8,400, ನನ್ನ ಖಾತೆಗೆ ಬಂತು. ಹಾಗಾಗಿ ಇದನ್ನು ಬರೆಯಲು ಕೂತಿದ್ದೇನೆ.

ಪೇಯ್ಡ್ ಫ್ಯಾಮಿಲಿ ಲೀವ್ ಅಂದರೇನು ಎಂದು ಹೆಚ್ಚು ವಿವರಿಸುವುದಿಲ್ಲ: ಮನೆಯವರ ಆರೈಕೆಗೆ ರಜೆ ಹಾಕಿದ ದಿನಗಳಿಗೆ ಸಂಬಳದ ಒಂದು ಪಾಲನ್ನು ರಾಜ್ಯ ಕೊಡುವ ವಿಮೆ. ಸಂಬಳದ ಚೀಟಿಯಲ್ಲಿ ಇದಕ್ಕೆಂದು ಸಿಎಎಸ್‌ಡಿಐ ಎಂಬ ಹೆಸರಿನಲ್ಲಿ ಕಡಿತವಾಗುವುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದರ ಬದಲು ವಿಪಿಡಿಐ ಎಂದಿದ್ದರೆ ನಿಮ್ಮ ಕಂಪನಿಯದು ಬೇರೆ ಯೋಜನೆ, ಅರ್ಜಿ ಅಲ್ಲಿಗೇ ಹೋಗಬೇಕು. 2025ರಲ್ಲಿ ಕಡಿತ ಶೇ 1.2. 2024ರಿಂದ ಸಂಬಳದ ಮಿತಿಯನ್ನೂ ತೆಗೆದಿದ್ದಾರೆ, ಹಾಗಾಗಿ ನನ್ನ ಸಂಬಳದಿಂದ ವರ್ಷಕ್ಕೆ ಎರಡು ಸಾವಿರ ಡಾಲರಿನ ಹತ್ತಿರ ಹೋಗುತ್ತದೆ. ಇದು ನಾವೇ ಕಟ್ಟುವ ವಿಮೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರು "ಸರ್ಕಾರದ ಸಹಾಯ ತಗೊಂಡರೆ ಗ್ರೀನ್ ಕಾರ್ಡಿಗೆ ತೊಂದರೆ" ಎಂದು ಹೆದರಿ ಸುಮ್ಮನಿರುತ್ತಾರೆ. ಪೌರತ್ವಕ್ಕೂ ವೀಸಾಕ್ಕೂ ಈ ಅರ್ಹತೆಗೂ ಸಂಬಂಧವೇ ಇಲ್ಲ. ನಾನೂ ಎಚ್-1ಬಿಯಲ್ಲೇ ಇದ್ದೇನೆ.

ಮೊದಲು 2023ರಲ್ಲಿ ಸೋತ ಕಥೆ ಹೇಳಬೇಕು. ಅಪ್ಪನಿಗೆ ಬೈಪಾಸ್ ಆದಾಗ ಮೂರು ವಾರ ಹೋಗಿದ್ದೆ. ಅರ್ಜಿಯ ವಿಷಯ ಹೊಳೆದದ್ದು ವಾಪಸ್ ಬಂದ ಮೇಲೆ. ಡಾಕ್ಟರ್ ತುಂಬಬೇಕಾದ ಭಾಗವನ್ನು ವಾಟ್ಸ್ಆ್ಯಪ್‌ನಲ್ಲಿ ತಂಗಿಗೆ ಕಳಿಸಿದೆ, ಅವಳು ಆಸ್ಪತ್ರೆಗೆ ಎರಡು ಸಲ ಅಲೆದು ತುಂಬಿಸಿ ಕಳಿಸಿದಳು. ಅದರಲ್ಲಿ ನಾಲ್ಕು ತಪ್ಪು. ಒಂದು, ಸಹಿಯ ಜಾಗದಲ್ಲಿ ಬರೀ ಸೀಲು. ನಮ್ಮ ಕಡೆ ಸೀಲು ಬಿದ್ದರೆ ಮುಗಿಯಿತು, ಆದರೆ ಈ ಫಾರ್ಮಿನಲ್ಲಿ ರಬ್ಬರ್ ಸ್ಟ್ಯಾಂಪ್ ನಡೆಯುವುದಿಲ್ಲ ಎಂದು ಅಚ್ಚು ಹಾಕಿಯೇ ಇದೆ. ಎರಡು, ತಾರೀಖು. ನಮ್ಮವರು ದಿನ ಮೊದಲು ಬರೆಯುತ್ತಾರೆ, ಇಲ್ಲಿ ತಿಂಗಳು ಮೊದಲು. 3ನೇ ಆಗಸ್ಟ್ ಹೋಗಿ 8ನೇ ಮಾರ್ಚ್ ಆಯಿತು. ಮೂರು, ಆರೈಕೆ ಯಾವಾಗಿನವರೆಗೆ ಬೇಕು ಎಂಬಲ್ಲಿ "ಗುಣವಾಗುವವರೆಗೆ" ಎಂದು ಬರೆದಿದ್ದರು. ಅಲ್ಲಿ ತಾರೀಖೇ ಬೇಕು. ನಾಲ್ಕು, ದಿನಕ್ಕೆ ಎಷ್ಟು ಗಂಟೆ ಆರೈಕೆ ಎಂಬುದು ಖಾಲಿ. ತಿದ್ದಿಸೋಣವೆಂದರೆ ಅಷ್ಟರಲ್ಲಿ ಆ ಡಾಕ್ಟರ್ ಬೇರೆ ಊರಿಗೆ ಹೋಗಿದ್ದರು. ಕೈಬಿಟ್ಟೆ. ಹತ್ತಿರ ಹತ್ತಿರ 4,800 ಡಾಲರ್ ಹೋಯಿತು. ದುಡ್ಡಿಗಿಂತ ತಂಗಿಯನ್ನು ಬಿಸಿಲಲ್ಲಿ ಸುಮ್ಮನೆ ಅಲೆಸಿದೆನಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಆಗಲೇ ನಿರ್ಧಾರ ಮಾಡಿದೆ. ಕಾಗದದ ಫಾರ್ಮು, ಅಂದರೆ ಡಿಇ 2501ಎಫ್, ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವಂಥದ್ದಲ್ಲ. ಈ ದುಡ್ಡು ಕೊಡುವ ರಾಜ್ಯದ ಇಲಾಖೆ ಇಡಿಡಿಯಿಂದ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಎರಡು ಸೆಟ್ ತರಿಸಿ ಪಾಸ್‌ಪೋರ್ಟ್ ಇಡುವ ಕವರಿನಲ್ಲೇ ಇಟ್ಟೆ. ಹೆಂಡತಿ "ಅಪಶಕುನದ ಹಾಗೆ ಅದನ್ನೇಕೆ ಎತ್ತಿಟ್ಟುಕೊಂಡಿದ್ದೀರಿ" ಎಂದಳು.

2025ರ ಫೆಬ್ರವರಿಯಲ್ಲಿ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿತ್ತು. ಸುದ್ದಿ ಬಂದ ಮೂರನೇ ದಿನ ಹೊರಟೆ. ತುರ್ತಾಗಿ ಕೊಂಡ ಟಿಕೆಟ್, ಹೋಗಿ ಬರಲು 1,900 ಡಾಲರ್ ಇರಬೇಕು. ಆಪರೇಷನ್, ಆಸ್ಪತ್ರೆ ಎಲ್ಲ ಸೇರಿ ಮೂರು ಲಕ್ಷ ರೂಪಾಯಿ ಚಿಲ್ಲರೆ. ರಾತ್ರಿಗೆ ಒಬ್ಬ ಹೋಮ್ ನರ್ಸ್, ದಿನಕ್ಕೆ ಸಾವಿರ ರೂಪಾಯಿ.

ನನ್ನ ಲೆಕ್ಕವೆಲ್ಲ ನಿಂತಿದ್ದು 41 ದಿನದ ಮೇಲೆ. ರಜೆ ಶುರುವಾದ ದಿನದಿಂದ 41 ದಿನದೊಳಗೆ ಅರ್ಜಿ ಹಾಕಬೇಕು, ರಜೆಗೆ ಮುಂಚೆ ಹಾಕುವ ಹಾಗಿಲ್ಲ. ಎಲ್ಲರೂ ಇದನ್ನು ಗಡುವು ಎಂದು ನೋಡುತ್ತಾರೆ, ನಾನು ಅವಕಾಶ ಎಂದು ನೋಡಿದೆ. ಫೆಬ್ರವರಿ 24ಕ್ಕೆ ರಜೆ ಶುರು, ಐದು ವಾರ ಅಮ್ಮನ ಜೊತೆ, ಫಾರ್ಮು ಅಲ್ಲೇ ನನ್ನ ಕಣ್ಣೆದುರು ತುಂಬಿಸಿ, ವಾಪಸ್ ಬಂದು ಏಪ್ರಿಲ್ 1ಕ್ಕೆ ಅಂಚೆಗೆ ಹಾಕಿದೆ. 37ನೇ ದಿನವೋ ಏನೋ. ಮೈಸೂರಿನಿಂದ ಆನ್‌ಲೈನ್‌ನಲ್ಲಿ ಒದ್ದಾಡುವುದು, ಅಸ್ಪಷ್ಟ ಸ್ಕ್ಯಾನ್ ಕಳಿಸುವುದು ಯಾವುದೂ ಇಲ್ಲ.

ಡಾಕ್ಟರ್ ಹತ್ತಿರ ಹೋಗಿದ್ದು ಹೊಲಿಗೆ ಬಿಚ್ಚಿಸುವ ದಿನ. ಮೂಲ ಫಾರ್ಮನ್ನು ಮೊದಲು ಕೊಡಲಿಲ್ಲ. ಅದರ ಜೆರಾಕ್ಸಿನಲ್ಲಿ ಪೆನ್ಸಿಲಿನಿಂದ ಪ್ರತಿ ಚೌಕದಲ್ಲಿ ಏನು ಬೇಕು ಎಂದು ಗುರುತು ಮಾಡಿ ತೋರಿಸಿದೆ. ತಾರೀಖಿನ ಚೌಕದ ಮೇಲೆ "ತಿಂಗಳು ಮೊದಲು ಸರ್" ಎಂದು ಹಳದಿ ಚೀಟಿ. ಕಪ್ಪು ಇಂಕಿನ ಪೆನ್ನು ನಾನೇ ಒಯ್ದಿದ್ದೆ. ಅವರು ಮೊದಲು "ನಾನು ಇಂಡಿಯಾದ ಡಾಕ್ಟರು, ನನ್ನ ಸಹಿ ಅಲ್ಲಿ ನಡೆಯುತ್ತೇನ್ರೀ?" ಎಂದರು. ಫಾರ್ಮಿನಲ್ಲೇ, ಅಮೆರಿಕ ಅಲ್ಲದಿದ್ದರೆ ಯಾವ ದೇಶದ ಲೈಸೆನ್ಸು ಎಂದು ಕೇಳುವ ಜಾಗವಿದೆ. ಅದನ್ನು ತೋರಿಸಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಬರೆದರು, ಎಸ್72ರಿಂದ ಶುರುವಾಗುವ ರೋಗದ ಕೋಡ್ ಬರೆದರು, ದಿನಕ್ಕೆ ಹತ್ತು ಗಂಟೆ ಆರೈಕೆ ಎಂದರು. ಕೊನೆಯ ತಾರೀಖು ಜೂನ್ 30. ಸೀಲು ಒತ್ತಲು ಕೈ ಹೋಯಿತು, "ಸಹಿ ಮೊದಲು ಸರ್" ಎಂದೆ. ನಲವತ್ತು ರೋಗಿಗಳು ಹೊರಗೆ ಕಾಯುತ್ತಿರುವಾಗ ಅವರಿಂದ ಹತ್ತು ನಿಮಿಷ ಹೇಗೆ ಪಡೆದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕವರಿಗೆ ಹೇಳುತ್ತೇನೆ. ಅರ್ಜಿಯ ಜೊತೆಗಿಟ್ಟ ಅರ್ಧ ಪುಟದ ಪತ್ರವೂ ಹಾಗೆಯೇ, ಅದರ ಪ್ರತಿ ಕೇಳಬೇಡಿ.

ರೋಗಿಯ ಸಹಿಯ ಜಾಗದಲ್ಲಿ ಅಮ್ಮ ಕನ್ನಡದಲ್ಲೇ ಸಹಿ ಹಾಕಿದರು. ಅವರಿಗೆ ಬರುವ ಸಹಿ ಅದೊಂದೇ. "ಇಂಗ್ಲಿಷಿನಲ್ಲಿ ಹಾಕಿಸು, ನೋಟರಿ ಮಾಡಿಸು" ಎಂದು ಸನ್ನಿವೇಲ್‌ನ ಗೆಳೆಯ ಫೋನಿನಲ್ಲಿ ಹೆದರಿಸಿದ್ದ. ಅವನ ಮಾತಿಗೆ ಕೋರ್ಟಿನ ಮುಂದೆ ಮುನ್ನೂರು ರೂಪಾಯಿ ಕೊಟ್ಟು ಒಂದು ನೋಟರಿ ಕಾಗದವನ್ನೂ ಮಾಡಿಸಿದೆ. ಯಾರೂ ಕೇಳಲಿಲ್ಲ. ಕನ್ನಡ ಸಹಿಯೇ ದಾಟಿತು.

ಇನ್ನು ಹೆಂಡತಿಯ ಪಾಲಿನದು. ಅತ್ತೆ ಮಾವಂದಿರಿಗೂ ಈ ರಜೆ ಉಂಟು. ಒಂದೇ ದಿನಗಳಿಗೆ ಇಬ್ಬರೂ ಕೇಳುವ ಗೊಡವೆಗೆ ಹೋಗದೆ, ನಾನು ಬಂದ ಮೇಲೆ ಅವಳು ಹೊರಟಳು, ನಾಲ್ಕು ವಾರಕ್ಕೆ. ಇಲ್ಲಿ ಒಂದು ಲೆಕ್ಕ ನಮಗೆ ಚೆನ್ನಾಗಿ ಕೂಡಿಬಂತು. ಜನವರಿಯಿಂದ ಮಾರ್ಚಿನೊಳಗೆ ಅರ್ಜಿ ಶುರುವಾದರೆ ಹಿಂದಿನ ಸೆಪ್ಟೆಂಬರ್ 30ಕ್ಕೆ ಮುಗಿದ ಹನ್ನೆರಡು ತಿಂಗಳ ಸಂಬಳ ನೋಡುತ್ತಾರೆ, ಏಪ್ರಿಲ್‌ನಲ್ಲಾದರೆ ಡಿಸೆಂಬರ್ 31ಕ್ಕೆ ಮುಗಿದದ್ದು. ಅದರಲ್ಲಿ ಅತಿ ಹೆಚ್ಚು ಸಂಬಳದ ಮೂರು ತಿಂಗಳೇ ಲೆಕ್ಕಕ್ಕೆ. ಅವಳು ಅರೆಕಾಲಿಕದಿಂದ ಪೂರ್ಣಾವಧಿಗೆ ಹೋಗಿದ್ದು 2024ರ ಅಕ್ಟೋಬರ್‌ನಲ್ಲಿ. ಮಾರ್ಚಿನಲ್ಲಿ ಹೊರಟಿದ್ದರೆ ವಾರಕ್ಕೆ ನಾನೂರು ಚಿಲ್ಲರೆ, ಏಪ್ರಿಲ್ 7ಕ್ಕೆ ಹೊರಟಿದ್ದಕ್ಕೆ ಒಂಬೈನೂರರ ಹತ್ತಿರ. ಒಂದೇ ವಾರ ತಡೆದದ್ದಕ್ಕೆ ಇಷ್ಟು ಅಂತರ. ಇದನ್ನು ಕಂಡುಹಿಡಿದವನು ನಾನೇ ಎಂದು ಅವಳ ಮುಂದೆ ಇನ್ನೂ ಹೇಳಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಇದು ದುಡ್ಡು ಕೊಡುತ್ತದೆ, ಕೆಲಸ ಉಳಿಸುವುದಿಲ್ಲ. ಕೆಲಸ ಉಳಿಸುವುದು ಎಫ್‌ಎಂಎಲ್‌ಎ ಎಂಬ ಫೆಡರಲ್ ರಜೆ ಕಾನೂನು ಮತ್ತು ಅಂಥದ್ದೇ ರಾಜ್ಯದ ಕಾನೂನು ಸಿಎಫ್‌ಆರ್‌ಎ. ಅತ್ತೆ ಮಾವ ಎಫ್‌ಎಂಎಲ್‌ಎಯಲ್ಲಿ ಬರುವುದಿಲ್ಲ, ಸಿಎಫ್‌ಆರ್‌ಎಯಲ್ಲಿ 2022ರಿಂದ ಬರುತ್ತಾರೆ. ಹಾಗಾಗಿ ಅವಳದು ಸಿಎಫ್‌ಆರ್‌ಎಯಲ್ಲಿ ಮಾತ್ರ ಹೋಯಿತು, ಎಫ್‌ಎಂಎಲ್‌ಎಯ ಹನ್ನೆರಡು ವಾರ ಹಾಗೇ ಉಳಿಯಿತು. ಇದನ್ನು ಎಚ್‌ಆರ್‌ಗೆ ಬರಹದಲ್ಲೇ ಕೊಡಿ, ಫೋನಿನ ಮಾತು ನಂಬಬೇಡಿ.

ತಾರೀಖಿನ ಆಟ ನನಗೆ ಹೊಸದಲ್ಲ. ಮಗಳು ಹುಟ್ಟಿದ್ದು 2020ರ ಜೂನ್. ಮಗು ಹುಟ್ಟಿದಾಗಲೂ ಸಿಗುವ ಇದೇ ದುಡ್ಡು ಜುಲೈ 1ರಿಂದ ಆರು ವಾರದಿಂದ ಎಂಟು ವಾರಕ್ಕೇರುತ್ತದೆ ಎಂದು ತಿಳಿದು ಅರ್ಜಿಯನ್ನು ಜುಲೈ 6ಕ್ಕೆ ಶುರು ಮಾಡಿದೆ. ಎರಡು ವಾರ ಹೆಚ್ಚು ಸಿಕ್ಕಿತು. ಅದನ್ನು ಒಟ್ಟಿಗೆ ತೆಗೆಯದೆ ವರ್ಷದೊಳಗೆ ಮೂರು ತುಂಡು ಮಾಡಿದೆ, ಅವಳು ಹೆಜ್ಜೆ ಇಡಲು ಕಲಿತ ವಾರ ಮನೆಯಲ್ಲೇ ಇದ್ದೆ.

ತೆರಿಗೆಯ ಮಾತು. ಈ ದುಡ್ಡಿಗೆ ಕ್ಯಾಲಿಫೋರ್ನಿಯಾ ತೆರಿಗೆ ಇಲ್ಲ, ಫೆಡರಲ್ ಇದೆ. ಜನವರಿಯಲ್ಲಿ 1099-ಜಿ ಎಂಬ ತೆರಿಗೆ ಚೀಟಿ ಬರುತ್ತದೆ. ಮೊದಲೇ ಏನೂ ಹಿಡಿದುಕೊಂಡಿರಲಿಲ್ಲವಾದ್ದರಿಂದ ನನ್ನ 8,400ಕ್ಕೆ ಎರಡು ಸಾವಿರದಷ್ಟು ಎತ್ತಿಟ್ಟುಕೊಂಡೆ. ಟಿಕೆಟ್ ಮತ್ತು ಅಮ್ಮನ ಆಸ್ಪತ್ರೆ ಕಳೆದರೆ ಉಳಿದದ್ದು ಸಾವಿರ ಡಾಲರ್ ಕೂಡ ಇಲ್ಲ. ಆದರೆ ಅಮ್ಮ ವಾಕರ್ ಹಿಡಿದು ಹಜಾರದಿಂದ ತುಳಸಿಕಟ್ಟೆಯವರೆಗೆ ಮೊದಲ ಸಲ ನಡೆದಾಗ ಅವರ ಹಿಂದೆ ಇದ್ದದ್ದು ನಾನು, ಬಾಡಿಗೆಯ ಕೈಯಲ್ಲ.

ವರ್ಷಕ್ಕೆ ಸಿಗುವ ಎಂಟು ವಾರದಲ್ಲಿ ನನ್ನ ಮೂರು ವಾರ ಹಾಗೇ ಇತ್ತು. ಎರಡನ್ನು ಅಕ್ಟೋಬರಿನಲ್ಲಿ, ಅದೇ ಸೊಂಟದ ಫಿಸಿಯೋಥೆರಪಿಗೆಂದು ಹೊಸದಾಗಿ ಡಾಕ್ಟರ್ ಸಹಿ ಮಾಡಿಸಿ ಬಳಸಿದೆ. ಫಾರ್ಮು ಮುಗಿದಿತ್ತು, ಮತ್ತೆ ಎರಡು ಸೆಟ್ ತರಿಸಿದ್ದೇನೆ. ಒಂದನ್ನು ಮೊನ್ನೆ ಸನ್ನಿವೇಲ್‌ನ ಗೆಳೆಯ ಬಂದು ಒಯ್ದ. ಹಾಸನದಲ್ಲಿ ಅವನ ಮಾವನಿಗೆ ಮುಂದಿನ ತಿಂಗಳು ಆಪರೇಷನ್. ಕಪ್ಪು ಪೆನ್ನು ಮತ್ತು ಹಳದಿ ಚೀಟಿಯ ಕಟ್ಟನ್ನೂ ಜೊತೆಗೆ ಕೊಟ್ಟೆ.